ಜಗಲಿಯ ದುಡಿಮೆಗೂ ರಜೆಯ ಕೂಲಿ

ಕೆಲಸ ಮಾಡದ ದಿನಕ್ಕೆ ಸಂಬಳ ಯಾಕೆ ಕೊಡಬೇಕು? ಅಜೆಕಾರು ಪೇಟೆಯಲ್ಲಿ, ಅಂಡಾರು, ದೊಂಡೆರಂಗಡಿ, ಕಡ್ತಲದ ಕಡೆಯಲ್ಲಿ ಈ ಪ್ರಶ್ನೆಯನ್ನು ಧಣಿಗಳಿಗಿಂತ ಹೆಚ್ಚಾಗಿ ದುಡಿಯುವವರ ಬಾಯಲ್ಲೇ ಕೇಳಿದ್ದೇನೆ. ರಜೆಯ ಸಂಬಳ ಬರಲಿಲ್ಲವಲ್ಲ, ಕೇಳಬಾರದೇ ಎಂದರೆ ಬೀಡಿ ಕಟ್ಟುವ ಹೆಂಗಸರು ನಾಚಿಕೊಳ್ಳುತ್ತಾರೆ. ಕಟ್ಟಿದ್ದಕ್ಕೆ ಕೊಟ್ಟಿದ್ದಾರಲ್ಲ, ಕಟ್ಟದ್ದಕ್ಕೆ ಕೇಳುವುದು ಸರಿಯಾ ಎನ್ನುತ್ತಾರೆ. ಮೈಮುರಿದು ದುಡಿದವರಿಗೆ ತಮ್ಮ ಬಾಕಿಯನ್ನು ಕೇಳುವುದೇ ಅತಿಯಾಸೆಯಂತೆ ಕಾಣುವುದಾದರೆ, ನಮ್ಮ ನೀತಿಯ ತಿಳಿವಳಿಕೆಯಲ್ಲೇ ಎಲ್ಲೋ ತಪ್ಪಿದೆ. ಆ ತಪ್ಪನ್ನು ಬಿಡಿಸಿ ನೋಡಬೇಕು ಎನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾರ್ಕಳ ತಾಲೂಕಿನ ಈ ಘಟ್ಟದ ಬುಡದ ಊರುಗಳಲ್ಲಿ ಬೀಡಿ ಕಟ್ಟದ ಮನೆ ಅಪರೂಪ ಎನ್ನಬಹುದಾದ ಕಾಲವೊಂದಿತ್ತು. ಈಗ ಕಡಿಮೆಯಾಗಿದೆ, ನಿಂತಿಲ್ಲ. ಕೆಲಸ ನೋಡಲು ಸರಳ. ಹಿಂದಿನ ರಾತ್ರಿ ಎಲೆ ನೆನೆಹಾಕಬೇಕು. ಬೆಳಿಗ್ಗೆ ನೀರು ಒರೆಸಿ, ತಗಡಿನ ಅಳತೆಯಿಟ್ಟು ಕತ್ತರಿಸಬೇಕು. ತೊಡೆಯ ಮೇಲಿನ ತಟ್ಟೆಯಿಂದ ಚಿಟಿಕೆ ಹೊಗೆಸೊಪ್ಪು ತೆಗೆದು ಎಲೆಯೊಳಗೆ ಹರಡಿ, ಎರಡೂ ಕೈಯ ಬೆರಳುಗಳಿಂದ ಸುತ್ತಿ, ನೂಲು ಬಿಗಿದು, ತುದಿ ಮಡಚಬೇಕು. ಬಲ ಹೆಬ್ಬೆರಳಿನ ಉಗುರಿನ ಪಕ್ಕ ಕಪ್ಪಗೆ ಗಟ್ಟಿಯಾದ ಚರ್ಮ, ಸಂಜೆಯಾದರೂ ಹೋಗದ ಹೊಗೆಸೊಪ್ಪಿನ ಘಾಟು, ಬಗ್ಗಿದ ಬೆನ್ನು: ಇವು ಈ ಕೆಲಸದ ಗುರುತುಗಳು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಸಾವಿರ. ಕಟ್ಟಿದ ಬೀಡಿಯನ್ನು ಚೀಲಕ್ಕೆ ತುಂಬಿ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದರೆ ಅಲ್ಲಿ ಚೆಕ್ಕಿಂಗು. ತೆಳ್ಳಗಾಗಿದೆ, ಎಲೆ ತೂತಾಗಿದೆ ಎಂದು ಒಂದಿಷ್ಟು ಪಕ್ಕಕ್ಕೆ ಹೋಗುತ್ತದೆ. ಉಳಿದದ್ದು ಲಾಗ್ ಪುಸ್ತಕಕ್ಕೆ ಏರುತ್ತದೆ: ಕೊಟ್ಟ ಎಲೆ, ಕೊಟ್ಟ ಹೊಗೆಸೊಪ್ಪು, ಬಂದ ಬೀಡಿ. ಆ ಪುಸ್ತಕದ ಪುಟಗಳಲ್ಲಿ ತಾರೀಕು ಇರುತ್ತದೆ, ತೂಕ ಇರುತ್ತದೆ. ಬೀಡಿ ಕಟ್ಟಿದವಳು ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಹೊತ್ತಿಗೆ ಮಲಗಿದಳು ಎಂಬುದಕ್ಕೆ ಮಾತ್ರ ಅಂಕಣವಿಲ್ಲ.

ಇಂಥವಳಿಗೂ ರಜೆಯ ಕೂಲಿ ಉಂಟು ಎಂದು ಸಂಸತ್ತು ಹೇಳಿದ್ದು 1966ರಲ್ಲಿ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯ 26ನೇ ಕಲಮು ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳಸಹಿತ ರಜೆ ಎಂದು ನಿಗದಿ ಮಾಡಿತು. ಆ ದಿನದ ಸಂಬಳವನ್ನು ಲೆಕ್ಕ ಹಾಕುವ ಬಗೆಯನ್ನು 27ನೇ ಕಲಮು ಹೇಳಿತು: ರಜೆಯ ಹಿಂದಿನ ತಿಂಗಳಲ್ಲಿ ಪೂರ್ಣ ದುಡಿದ ದಿನಗಳ ಗಳಿಕೆಯ ಸರಾಸರಿ. ಉದಾಹರಣೆಗೆ, ಸಾವಿರಕ್ಕೆ 300 ರೂಪಾಯಿ ದರ ಎಂದಿಟ್ಟುಕೊಳ್ಳಿ. ದಿನಕ್ಕೆ 800 ಕಟ್ಟುವವಳಿಗೆ ದಿನದ ಗಳಿಕೆ 240 ರೂಪಾಯಿ. ವರ್ಷದಲ್ಲಿ 240 ದಿನ ದುಡಿದಿದ್ದರೆ 12 ದಿನದ ರಜೆ, ಅಂದರೆ 2,880 ರೂಪಾಯಿ. ಪೇಟೆಯ ಮಂದಿಗೆ ಇದು ದೊಡ್ಡ ಮೊತ್ತವಲ್ಲ. ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕ, ಕೊಡೆ, ಸಮವಸ್ತ್ರ ಒಟ್ಟಿಗೆ ಎದುರಾಗುವ ಮನೆಯಲ್ಲಿ ಅದು ಸಾಲ ಮಾಡುವುದಕ್ಕೂ ಮಾಡದಿರುವುದಕ್ಕೂ ನಡುವಿನ ಅಂತರ.

ಈ ಹಕ್ಕು ಸುಲಭವಾಗಿ ಬರಲಿಲ್ಲ. ನಾಗಪುರದ ಒಂದು ಬೀಡಿ ಕಾರ್ಖಾನೆಯ ಕೆಲವು ಕೆಲಸಗಾರರು ಹದಿನೈದು ದಿನ ರಜೆ ಕೇಳಿ ಮನೆಗೆ ಹೋಗಿದ್ದರು. ಮಾಲೀಕರು ಆ ದಿನಗಳ ಸಂಬಳ ಕೊಡಲಿಲ್ಲ. ಹಕ್ಕು ಕೇಳಿ ಹೊರಟ ಆ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಿರ್ದಿಚಂದ್ ಶರ್ಮಾ ಪ್ರಕರಣ ಎಂದು ಹೆಸರಾದ ಅದರಲ್ಲಿ 1960ರ ಡಿಸೆಂಬರಿನಲ್ಲಿ ಕೋರ್ಟು ಕೆಲಸಗಾರರ ಪರ ನಿಂತಿತು. ಬೀಡಿ ಕಟ್ಟುವವರು ತಮಗೆ ಬೇಕಾದ ಹೊತ್ತಿಗೆ ಬಂದು ಹೋದರೂ ಕಾರ್ಮಿಕರೇ ಎಂದಿತು. ಒಂದು ವರ್ಷ ಕಳೆಯುವ ಮೊದಲೇ, 1961ರ ಅಕ್ಟೋಬರಿನಲ್ಲಿ, ಮಹಾರಾಷ್ಟ್ರದ ಇನ್ನೊಂದು ಬೀಡಿ ಕಾರ್ಖಾನೆಯ ಕೆಲಸಗಾರನೊಬ್ಬನ ಕೆಲವೇ ದಿನಗಳ ರಜಾ ವೇತನದ ಪ್ರಶ್ನೆ ಅದೇ ಕೋರ್ಟಿನ ಮುಂದೆ ಬಂತು. ಶಂಕರ್ ಬಾಲಾಜಿ ವಾಜೆ ಪ್ರಕರಣ. ಈ ಸಲ ಬಹುಮತದ ತೀರ್ಪು ಮಾಲೀಕನ ಪರ. ಇಷ್ಟ ಬಂದಾಗ ಬರುವ, ಇಷ್ಟ ಬಂದಾಗ ಹೋಗುವ, ಇಂತಿಷ್ಟೇ ಕಟ್ಟಬೇಕೆಂಬ ಕಟ್ಟುಪಾಡಿಲ್ಲದ ಆಳನ್ನು ಕಾರ್ಖಾನೆ ಕಾಯ್ದೆಯ ಕಾರ್ಮಿಕ ಎನ್ನಲಾಗದು, ಅವನಿಗೆ ರಜೆಯ ಲೆಕ್ಕವೇ ಹೊಂದುವುದಿಲ್ಲ ಎಂದಿತು. ನ್ಯಾಯಮೂರ್ತಿ ಸುಬ್ಬರಾವ್ ಒಬ್ಬರು ಒಪ್ಪದೆ ಭಿನ್ನ ತೀರ್ಪು ಬರೆದರು.

ಆ ಬಹುಮತದ ತರ್ಕವನ್ನು ಓದಿದಾಗೆಲ್ಲ ನನಗೆ ಒಂದು ಸಂಕಟ. ಹೊತ್ತಿನ ನಿರ್ಬಂಧ ಇಲ್ಲದ್ದನ್ನು ಅಲ್ಲಿ ಸ್ವಾತಂತ್ರ್ಯ ಎಂದು ನೋಡಲಾಯಿತು. ಸಾವಿರದ ದರಕ್ಕೆ ದುಡಿಯುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯ ಎಷ್ಟಿರುತ್ತದೆ? ಹಾಜರಿ ಪುಸ್ತಕ ಅವನನ್ನು ಕಟ್ಟಿಹಾಕದಿದ್ದರೂ ಮನೆಯ ಅಕ್ಕಿ ಡಬ್ಬ ಕಟ್ಟಿಹಾಕುತ್ತದೆ. ಕಾವಲುಗಾರ ಕಾಣದಿದ್ದ ಮಾತ್ರಕ್ಕೆ ಒತ್ತಾಯವೇ ಇಲ್ಲ ಎಂದುಕೊಳ್ಳುವುದು ವಿಚಾರದ ಸೋಮಾರಿತನ.

1966ರ ಕಾಯ್ದೆ ಬಂದದ್ದು ಇಂಥ ತಡೆಗಳನ್ನು ದಾಟುವುದಕ್ಕೆ. ಅದು ಮನೆಯಲ್ಲಿ ಕೂತು ಕಟ್ಟುವವರನ್ನೂ ನೌಕರರೆಂದೇ ಕರೆಯಿತು. ಕಂಟ್ರಾಕ್ಟುದಾರನ ಹಿಂದೆ ನಿಂತ ಮೂಲ ಮಾಲೀಕನನ್ನೂ ಹೊಣೆಗಾರನನ್ನಾಗಿ ಮಾಡಿತು. ನಮ್ಮ ಪುಸ್ತಕದಲ್ಲಿ ನಿನ್ನ ಹೆಸರಿಲ್ಲ, ಹೋಗಿ ಕಂಟ್ರಾಕ್ಟುದಾರನನ್ನು ಕೇಳು ಎನ್ನುವ ದಾರಿಯನ್ನು ಮುಚ್ಚಲು ಹೊರಟಿತು. ಅದಕ್ಕೆ ಬಂದ ಪ್ರತಿಕ್ರಿಯೆ ನಮ್ಮ ಕರಾವಳಿಯ ಚರಿತ್ರೆಯಲ್ಲಿ ದಾಖಲಾಗಿದೆ. ಕೇರಳ ಸರಕಾರ ಕಾಯ್ದೆಯನ್ನು ಜಾರಿಗೆ ತರಲು ಹೊರಟಾಗ, 1968ರ ಅಕ್ಟೋಬರಿನಲ್ಲಿ, ಮಂಗಳೂರು ಗಣೇಶ್ ಬೀಡಿಯವರೂ ಇಲ್ಲಿಯ ಇನ್ನು ಕೆಲವು ಕಂಪೆನಿಗಳೂ ಕಣ್ಣೂರು ಕಡೆಯ ವ್ಯವಹಾರವನ್ನು ಮುಚ್ಚಿ ಹಿಂದಕ್ಕೆ ಬಂದವು. ಸುಮಾರು 12,000 ಮಂದಿಯ ಕೆಲಸ ಹೋಯಿತು. ಹೊಟ್ಟೆಗಿಲ್ಲದೆ ನಿಂತ ಆ ಜನ 1969ರಲ್ಲಿ ಸರಕಾರದ ನೆರವಿನಿಂದ ಸಹಕಾರಿ ಸಂಘ ಕಟ್ಟಿದರು. ಅದೇ ದಿನೇಶ್ ಬೀಡಿ. ಕಾನೂನಿನಂತೆ ರಜಾ ವೇತನ ಕೊಟ್ಟರೆ ಉದ್ಯಮವೇ ಉಳಿಯದು ಎಂಬ ಮಾತಿಗೆ, ರಜಾ ವೇತನ ಕೊಟ್ಟೂ ದಶಕಗಳ ಕಾಲ ನಡೆದ ಆ ಸಂಘವೇ ಉತ್ತರ.

ಕಂಪೆನಿಗಳು ಇನ್ನೊಂದು ಹಾದಿಯನ್ನೂ ಹಿಡಿದವು. ಕಾಯ್ದೆಯೇ ಸಂವಿಧಾನಬಾಹಿರ ಎಂದು ಕೋರ್ಟಿಗೆ ಹೋದವು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಒಕ್ಕೂಟದ ನಡುವಿನ ಪ್ರಕರಣದಲ್ಲಿ 1974ರ ಜನವರಿ 31ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ. ಮಾಲೀಕರ ವಾದದಲ್ಲಿ ಒಂದು ಅಂಶ ರಜೆಯದ್ದೇ ಆಗಿತ್ತು. ಮನೆಯಲ್ಲಿ ಕೂತವಳು ಎಷ್ಟು ತಾಸು ದುಡಿದಳೆಂದು ಯಾರು ನೋಡಿದರು? ಪೂರ್ಣ ದಿನ ಯಾವುದು, ಅರ್ಧ ದಿನ ಯಾವುದು? ಗೊತ್ತಾಗದ ಮೇಲೆ ರಜೆಯ ಸರಾಸರಿ ಹೇಗೆ ತೆಗೆಯುವುದು?

ಕೋರ್ಟು ಕೊಟ್ಟ ಉತ್ತರ ಇಡೀ ವಿಷಯದ ಜೀವಾಳ ಎಂದು ನಾನು ತಿಳಿದಿದ್ದೇನೆ. ಮನೆಯಲ್ಲಿ ಬೀಡಿ ಕಟ್ಟುವವರಿಗೆ ಕೂಲಿ ಕೊಡುವುದು ಸಾವಿರ ಬೀಡಿಯ ದರದಲ್ಲಿ. ಆ ದರ ಆಕಾಶದಿಂದ ಇಳಿದದ್ದಲ್ಲ. ಸಾವಿರ ಬೀಡಿ ಕಟ್ಟಲು ಸಾಮಾನ್ಯವಾಗಿ ಎಷ್ಟು ತಾಸು ಹಿಡಿಯುತ್ತದೆ ಎಂಬ ಲೆಕ್ಕ ಅದರೊಳಗೇ ಕೂತಿದೆ. ಹಾಗಾಗಿ ಬೀಡಿಯ ಲೆಕ್ಕದಿಂದಲೇ ದಿನದ ಲೆಕ್ಕ ತೆಗೆಯಬಹುದು, 26 ಮತ್ತು 27ನೇ ಕಲಮುಗಳು ಮನೆಯಲ್ಲಿ ಕಟ್ಟುವವರಿಗೂ ಸಲ್ಲುತ್ತವೆ ಎಂದಿತು ಕೋರ್ಟು. ಅಳೆಯಲಾಗದು ಎಂದು ವಾದಿಸಿದವರ ಲೆಕ್ಕಪುಸ್ತಕದಲ್ಲೇ ಅಳತೆ ಇತ್ತು. ಎಲೆ ಕೊಡುವಾಗ ಇಂತಿಷ್ಟು ಬೀಡಿ ಬರಲೇಬೇಕೆಂದು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವವರು, ರಜೆ ಕೊಡುವಾಗ ಮಾತ್ರ ಏನೂ ಕಾಣಿಸುತ್ತಿಲ್ಲ ಎನ್ನುವುದು ಪ್ರಾಮಾಣಿಕ ವಾದವಾಗಿರಲಿಲ್ಲ. ಮುಂದೆ ಭವಿಷ್ಯನಿಧಿಯ ಪ್ರಶ್ನೆ ಬಂದಾಗಲೂ ಇದೇ ವಾದ ಮರಳಿ ಬಂತು, 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮತ್ತೆ ಸೋತಿತು.

ಇಷ್ಟೆಲ್ಲ ಆಗಿ ಅರ್ಧ ಶತಮಾನ ಕಳೆದರೂ ಕೇಳಲು ನಾಚಿಕೆ ಯಾಕೆ?

ಕಾರಣ ಕಾನೂನಿನ ಅಜ್ಞಾನವೊಂದೇ ಅಲ್ಲ. ನಮ್ಮಲ್ಲಿ ಕೂಲಿಯನ್ನು ಋಣವಾಗಿ ನೋಡುವ ಅಭ್ಯಾಸ ಆಳವಾಗಿದೆ. ಅನ್ನ ಕೊಟ್ಟ ಧಣಿ, ಉಂಡ ಮನೆಗೆ ಎರಡು ಬಗೆಯಬಾರದು, ಹಣೆಯಲ್ಲಿ ಬರೆದಷ್ಟೇ ಬರುವುದು: ಈ ಮಾತುಗಳನ್ನು ಬಾಲ್ಯದಿಂದ ಕೇಳಿ ಬೆಳೆದವಳಿಗೆ ಬ್ರಾಂಚಿನ ಎದುರು ನಿಂತು ನನ್ನ ಹನ್ನೆರಡು ದಿನದ್ದು ಎಲ್ಲಿ ಎಂದು ಕೇಳುವುದು ದ್ರೋಹದಂತೆ ಅನ್ನಿಸುತ್ತದೆ. ಯಾರು ಯಾರ ಅನ್ನ ಉಂಡರು ಎಂದು ಒಮ್ಮೆ ಶಾಂತವಾಗಿ ಲೆಕ್ಕ ಹಾಕಿದರೆ ಸಾಕು, ಈ ಭಾವನೆಯ ಬುಡ ಅಲುಗಾಡುತ್ತದೆ. ಬೀಡಿ ಕಾರ್ಖಾನೆಗೆ ಕಟ್ಟಡ ಬೇಕಿಲ್ಲ, ದೀಪ ಬೇಕಿಲ್ಲ, ಕುಡಿಯುವ ನೀರಿನ ವ್ಯವಸ್ಥೆ ಬೇಕಿಲ್ಲ. ಅವೆಲ್ಲವನ್ನೂ ಅವಳ ಮನೆ ಕೊಡುತ್ತದೆ. ಜಗಲಿ ಅವಳದು, ಕತ್ತರಿ ಅವಳದು, ರಾತ್ರಿ ಉರಿಯುವ ಬಲ್ಬಿನ ಬಿಲ್ಲು ಅವಳದು. ಮಳೆಗಾಲದಲ್ಲಿ ಬೀಡಿ ತೇವವಾಗದಂತೆ ಒಲೆಯ ಬದಿಯಲ್ಲಿಟ್ಟು ಕಾಯುವವಳೂ ಅವಳೇ. ಇಪ್ಪತ್ತು ದಿನ ದುಡಿದಾಗ ಇಪ್ಪತ್ತೊಂದನೆಯ ದಿನದ ಕೂಲಿ ಆಗಲೇ ಹುಟ್ಟಿರುತ್ತದೆ. ಅದನ್ನು ಮಾಲೀಕ ತನ್ನ ಬಳಿ ಇರಿಸಿಕೊಂಡಿರುತ್ತಾನೆ, ಅಷ್ಟೆ. ಇರಿಸಿಕೊಂಡದ್ದನ್ನು ಹಿಂದಿರುಗಿಸುವುದನ್ನು ದಾನ ಎನ್ನುವ ರೂಢಿ ಯಾವ ಧರ್ಮಕ್ಕೂ ಶೋಭೆಯಲ್ಲ.

ಹಣೆಬರಹದ ಮಾತಿಗೂ ನನ್ನ ಉತ್ತರ ಇಷ್ಟೆ: 1961ರಲ್ಲಿ ಇಲ್ಲವಾದ ಹಕ್ಕು 1966ರಲ್ಲಿ ಬಂತು. ನಡುವೆ ಯಾರ ಹಣೆಯ ಗೆರೆಯೂ ಬದಲಾಗಲಿಲ್ಲ. ಮನುಷ್ಯರು ಸಂಘ ಕಟ್ಟಿದರು, ಮುಷ್ಕರ ಹೂಡಿದರು, ಕರಡು ಬರೆದರು, ಮತ ಹಾಕಿದರು. ಮನುಷ್ಯರು ಮಾಡಿಟ್ಟ ಅನ್ಯಾಯವನ್ನು ಮನುಷ್ಯರೇ ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಬೇಕಿಲ್ಲ.

ಮೈಗೆ ಬಿಡುವು ಬೇಕು ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ. ಮಿಯ್ಯಾರಿನಲ್ಲಿ ಕಂಬಳದ ಕೋಣ ಓಡುವುದು ಕೆಲವು ಗಳಿಗೆ ಮಾತ್ರ. ಉಳಿದ ವರ್ಷವಿಡೀ ಅದಕ್ಕೆ ಹುರುಳಿ ಬೇಯಿಸಿ ಹಾಕುತ್ತೇವೆ, ಎಣ್ಣೆ ತಿಕ್ಕುತ್ತೇವೆ, ನೆರಳಿನಲ್ಲಿ ಕಟ್ಟುತ್ತೇವೆ. ಓಡದ ದಿನ ಮೇವು ಯಾಕೆ ಎಂದು ಯಾವ ಯಜಮಾನನೂ ಕೇಳುವುದಿಲ್ಲ. ಕೋಣದ ವಿಷಯದಲ್ಲಿ ಹೊಳೆದ ಸತ್ಯ ಬೀಡಿ ಕಟ್ಟುವ ಹೆಂಗಸಿನ ವಿಷಯದಲ್ಲಿ ಹೊಳೆಯದಿದ್ದರೆ, ನಾವು ಅವಳನ್ನು ಏನೆಂದು ತಿಳಿದಿದ್ದೇವೆ?

ಜಗತ್ತು ಈ ಪ್ರಶ್ನೆಯನ್ನು ಎದುರಿಸಿ ಬಹಳ ಕಾಲವಾಯಿತು. 1936ರ ಜೂನಿನಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕೂತು ಮುಷ್ಕರ ಮಾಡಿ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಪಡೆದರು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸಂಬಳಸಹಿತ ರಜೆಯ ಒಪ್ಪಂದವನ್ನು ಮಾಡಿತು. ನಮ್ಮಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಬಿ.ಆರ್. ಅಂಬೇಡ್ಕರರ ಕಾಲದಲ್ಲಿ, 1945ರ ಕಾರ್ಖಾನೆ ತಿದ್ದುಪಡಿಯ ಮೂಲಕ, ವರ್ಷವಿಡೀ ನಡೆಯುವ ಕಾರ್ಖಾನೆಗಳ ವಯಸ್ಕ ಕಾರ್ಮಿಕರಿಗೆ ವರ್ಷಕ್ಕೆ ಹತ್ತು ದಿನ ಸಂಬಳದ ರಜೆ ಬಂತು. ಸಂವಿಧಾನದ 43ನೇ ವಿಧಿ ಬದುಕುವ ಕೂಲಿಯ ಜೊತೆಗೇ ವಿರಾಮವನ್ನೂ, ಸಾಂಸ್ಕೃತಿಕ ಅವಕಾಶವನ್ನೂ ಹೆಸರಿಸುತ್ತದೆ. ಕೆಲಸಗಾರನಿಗೆ ಹೊಟ್ಟೆ ಮಾತ್ರ ಇದೆ ಎಂದು ಅದನ್ನು ಬರೆದವರು ಭಾವಿಸಲಿಲ್ಲ. ಕತ್ತರಿ ಕೆಳಗಿಟ್ಟು ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿ ಕೂರುವುದು, ಅತ್ತೂರು ಜಾತ್ರೆಗೆ ಹೋಗುವುದು, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಮರುದಿನ ನಿದ್ದೆ ಮಾಡುವುದು, ಇವೆಲ್ಲ ಆ ವಿಧಿಯ ಅರ್ಥದೊಳಗೆ ಬರುತ್ತವೆ ಎಂದೇ ನಾನು ಓದಿಕೊಂಡಿದ್ದೇನೆ.

ಆದರೆ ಮನೆಯೇ ಕಾರ್ಖಾನೆಯಾದವಳಿಗೆ ರಜೆ ಎಂದರೆ ಏನು ಎಂಬುದು ಸಣ್ಣ ತೊಡಕಲ್ಲ. ಗಂಡಸು ರಜೆ ಹಾಕಿದರೆ ಮನೆಗೆ ಬರುತ್ತಾನೆ. ಅವಳು ಎಲ್ಲಿಗೆ ಬರಬೇಕು? ತಟ್ಟೆ ಬದಿಗಿಟ್ಟ ದಿನವೇ ಹಟ್ಟಿ, ಸೊಪ್ಪು, ಬಟ್ಟೆ, ಹಾಸಿಗೆ ಹಿಡಿದ ಅತ್ತೆ ಎಲ್ಲರೂ ಅವಳನ್ನು ಕರೆಯುತ್ತಾರೆ. ಕಾನೂನು ಕಂಪೆನಿಯಿಂದ ರಜೆಯ ಕೂಲಿ ಕೊಡಿಸಬಹುದು. ರಜೆಯನ್ನು ಕೊಡಬೇಕಾದದ್ದು ಮನೆಯವರು. ಕಂಪೆನಿಯ ಅನ್ಯಾಯದ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವ ಗಂಡಸರು ಸಂಜೆ ಮನೆಗೆ ಹೋಗಿ ಬಿಸಿನೀರಿಗೆ ಕೂಗುವುದನ್ನು ಕಂಡಿದ್ದೇನೆ. ಆ ದಿನದ ಅಡುಗೆಯನ್ನಾದರೂ ಇನ್ನೊಬ್ಬರು ಮಾಡದ ಮನೆಯಲ್ಲಿ ರಜೆ ಎಂಬುದು ಬರೀ ಹಣದ ಮಾತಾಗಿ ಉಳಿಯುತ್ತದೆ. ಹಣವೂ ಬರದಿದ್ದರೆ ಅದೂ ಇಲ್ಲ.

ಕೇಳುವ ದಾರಿ ಇದೆ. ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಬರೆದು ಕೊಡಬಹುದು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ 33ಸಿ(2) ಕಲಮು ಒಬ್ಬಳೇ ಕೆಲಸಗಾರ್ತಿಗೂ ಕಾರ್ಮಿಕ ನ್ಯಾಯಾಲಯಕ್ಕೆ ನೇರ ಹೋಗಿ, ನನಗೆ ಬರಬೇಕಾದ ಹಣ ಇಷ್ಟು ಎಂದು ಲೆಕ್ಕ ಹಾಕಿಸಿಕೊಳ್ಳುವ ಅವಕಾಶ ಕೊಟ್ಟಿತ್ತು. ಯೂನಿಯನ್ ಜೊತೆಗಿದ್ದರೆ ದಾರಿ ಹಗುರ. ಆದರೆ ಅರ್ಜಿಯ ಹಿಂದೆ ದಾಖಲೆ ಬೇಕು, ಮತ್ತು ದಾಖಲೆ ಎಂದರೆ ಲಾಗ್ ಪುಸ್ತಕವೇ. ಒಬ್ಬಳ ಹೆಸರಿನ ಕಾರ್ಡಿನಲ್ಲಿ ಅತ್ತೆ, ಸೊಸೆ, ಮಗಳು ಮೂವರೂ ಕಟ್ಟುವ ಮನೆಗಳಿವೆ. ಅಲ್ಲಿ ಇಬ್ಬರ ದುಡಿಮೆ ಯಾವ ಪುಟದಲ್ಲೂ ಇಲ್ಲ. ಪುಸ್ತಕವನ್ನು ಬ್ರಾಂಚಿನಲ್ಲೇ ಬಿಟ್ಟು ಬರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಓದಲು ಬರುವ ಮಕ್ಕಳು ತಿಂಗಳಿಗೊಮ್ಮೆ ಆ ಪುಟಗಳ ಫೋಟೋ ತೆಗೆದಿಟ್ಟರೆ ಅದು ಅಮ್ಮನಿಗೆ ಮಾಡುವ ದೊಡ್ಡ ಉಪಕಾರ.

ಬೀಡಿ ಸೇದುವವರ ಶ್ವಾಸಕೋಶ ಸುಡುವ ವಸ್ತು, ಅದರ ಕೂಲಿಗೆ ಇಷ್ಟು ಮರುಗಬೇಕೇ ಎಂದು ಕೆಲವರು ಕೇಳುತ್ತಾರೆ. ಬೀಡಿ ಕಡಿಮೆಯಾಗಲಿ, ನಿಲ್ಲಲಿ. ಮನುಷ್ಯರ ಆರೋಗ್ಯ ಬಯಸುವ ಯಾರೂ ಬೇರೆ ಹೇಳಲಾರರು. ಅದನ್ನು ಕಟ್ಟಿದವಳೂ ವರ್ಷಗಟ್ಟಲೆ ಅದೇ ಪುಡಿಯನ್ನು ಉಸಿರಾಡಿದ್ದಾಳೆ. ಮುಚ್ಚುವ ಅಂಗಡಿ ಮೊದಲು ಆಳುಗಳ ಬಾಕಿ ತೀರಿಸಿ ಮುಚ್ಚಬೇಕು.

ಇನ್ನು ಓದುವ ನಮ್ಮ ವಿಷಯ. ಮನೆಗೆ ಪಾತ್ರೆ ತೊಳೆಯಲು ಬರುವವಳು ಜ್ವರದಲ್ಲಿ ಎರಡು ದಿನ ಬರದಿದ್ದರೆ ತಿಂಗಳ ಕೊನೆಗೆ ಎರಡು ದಿನದ ದುಡ್ಡು ಮುರಿದುಕೊಳ್ಳುವವರು, ತಮ್ಮ ಕಚೇರಿಯಲ್ಲಿ ಗಳಿಕೆ ರಜೆಯನ್ನು ನಗದು ಮಾಡಿಸಿಕೊಳ್ಳುವವರೇ ಆಗಿರುತ್ತಾರೆ. ಬೀಡಿಯವಳಿಗೆ ಕಾನೂನಾದರೂ ಇತ್ತು. ಮನೆಗೆಲಸದವಳಿಗೆ ಅಂಥ ರಜೆಯ ಕಾನೂನೂ ಇಲ್ಲ, ಅಲ್ಲಿ ನಾವೇ ಕಂಪೆನಿ, ನಾವೇ ಬ್ರಾಂಚು. ಇಪ್ಪತ್ತಕ್ಕೊಂದರ ಲೆಕ್ಕವನ್ನು ನಮ್ಮ ಅಡುಗೆಮನೆಯಲ್ಲಿ ಜಾರಿ ಮಾಡಲು ಸಂಸತ್ತಿನ ಅಪ್ಪಣೆಗೆ ಕಾಯಬೇಕಿಲ್ಲ.

ಈಗ ಹೊಸ ತೊಡಕೊಂದು ಬಂದಿದೆ. 1966ರ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿಹೋಯಿತು, 2025ರ ನವೆಂಬರ್ 21ರಂದು ಸಂಹಿತೆ ಜಾರಿಗೆ ಬಂತು. ಅದರ ಪ್ರಕಾರ ಸಂಬಳದ ರಜೆಗೆ ಅರ್ಹರಾಗಲು ವರ್ಷದಲ್ಲಿ 180 ದಿನ ದುಡಿದಿರಬೇಕು. ಕಾರ್ಖಾನೆ ಕೆಲಸಗಾರರಿಗೆ ಹಿಂದೆ 240 ದಿನದ ಷರತ್ತಿತ್ತು, ಅವರಿಗೆ ಇದು ಒಳ್ಳೆಯದು. ಜಗಲಿಯಲ್ಲಿ ಕೂತವಳ ದಿನಗಳನ್ನು ಎಣಿಸುವುದು ಹೇಗೆಂಬ ಹಳೆಯ ಪ್ರಶ್ನೆಯನ್ನು ಮಾತ್ರ ಇದು ಮತ್ತೆ ಎಬ್ಬಿಸುತ್ತದೆ. ಬ್ರಾಂಚುಗಳು ವಾರಕ್ಕೆ ಮೂರು ನಾಲ್ಕು ದಿನದ ಎಲೆ ಮಾತ್ರ ಕೊಡುವ ಊರುಗಳಿವೆ. ವಾರಕ್ಕೆ ಮೂರು ದಿನದಂತೆ ವರ್ಷಕ್ಕೆ 156 ದಿನ. ಅವಳು ಕಟ್ಟಲು ಸಿದ್ಧಳಿದ್ದಳು, ಎಲೆ ಕೊಡಲಿಲ್ಲ. ಕೊಡದವನ ನಿರ್ಧಾರದಿಂದ ಅವಳ ರಜೆ ಕರಗಿಹೋಗುತ್ತದೆ. ಆದರೆ ಅದೇ ಸಂಹಿತೆ ಕೆಲಸವಿಲ್ಲದೆ ಕೂರಿಸಿದ ದಿನಗಳನ್ನೂ ಹೆರಿಗೆ ರಜೆಯನ್ನೂ 180ರ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು ಹೇಳಿದೆ. ಎಲೆ ಕೊಡದ ದಿನ ಕೆಲಸವಿಲ್ಲದೆ ಕೂರಿಸಿದ ದಿನವೇ. ಯೂನಿಯನ್‌ಗಳು ಈಗ ಹಿಡಿಯಬೇಕಾದ ಬೇಡಿಕೆ ಇದು: ಲಾಗ್ ಪುಸ್ತಕದಲ್ಲಿ ಎಲೆ ಕೊಟ್ಟ ತಾರೀಕಿನ ಜೊತೆಗೆ, ಎಲೆ ಕೇಳಿ ಬಂದು ಬರಿಗೈಯಲ್ಲಿ ಹಿಂದಿರುಗಿದ ತಾರೀಕನ್ನೂ ಬ್ರಾಂಚಿನವರು ಬರೆದು ಸಹಿ ಹಾಕಬೇಕು.